ಮಳೆಗಾಲದ ಕಾರಿಗೆ ಎಂತಹ ಚಕ್ರ, ಎಂತಹ ಟಯರು?

ಮೊಗ್ರಾಲಿನಿಂದ ಉತ್ತರಕ್ಕೆ ಮಂಗಳೂರಿಗಾಗಲಿ, ದಕ್ಷಿಣಕ್ಕೆ ಕಾಸರಗೋಡಿಗಾಗಲಿ ಹೊರಡುವವರು ಇಂದು ಬಳಸುವ ರಸ್ತೆ ನಮ್ಮ ಬಾಲ್ಯದ ರಸ್ತೆಯಲ್ಲ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರು ರಾಷ್ಟ್ರೀಯ ಹೆದ್ದಾರಿ 66 ಆರು ಪಥಗಳಾಗಿ ಅಗಲಗೊಂಡಿದೆ. ಹಿಂದೆ ಬಸ್ಸಿನ ಬೆನ್ನಿಗೆ ಅಂಟಿಕೊಂಡು ಸಾಗುತ್ತಿದ್ದ ಕಾರು ಇಂದು ನೂರರ ವೇಗವನ್ನು ಅರಿವಿಲ್ಲದೆಯೇ ಮುಟ್ಟುತ್ತದೆ. ಬದಲಾಗದೆ ಉಳಿದಿರುವುದು ಮಳೆ ಮಾತ್ರ. ವರ್ಷಕ್ಕೆ ಸುಮಾರು 3500 ಮಿಲಿಮೀಟರು ಮಳೆ ಬೀಳುವ ಜಿಲ್ಲೆ ನಮ್ಮದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ವೇಗದ ರಸ್ತೆ ಮತ್ತು ಆಟಿಯ ಮಳೆ ಎರಡೂ ಒಂದೆಡೆ ಸೇರಿದಾಗ, ಕಾರಿನೊಳಗಿರುವವರ ಜೀವ ನಿಂತಿರುವುದು ನಾಲ್ಕು ರಬ್ಬರಿನ ಟಯರುಗಳ ಮೇಲೆ.

ಈ ವಿಷಯವನ್ನು ಶಾಲೆಗೆ ಸಂಬಂಧಿಸಿದವರು ಬರೆಯುವುದೇಕೆ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಕನ್ನಡ ಮಾಧ್ಯಮದ ತರಗತಿಗಳಿಂದ ಹೊರಹೋದ ಹುಡುಗರು ಇಪ್ಪತ್ತು ದಾಟುವ ಹೊತ್ತಿಗೆ ಗಲ್ಫಿಗೋ ಬೆಂಗಳೂರಿಗೋ ತೆರಳಿ, ಊರಿಗೆ ಬಂದಾಗ ಮೊದಲು ಕೊಳ್ಳುವ ದೊಡ್ಡ ವಸ್ತು ಕಾರು. ಅದರಲ್ಲೂ ಸ್ಪೋರ್ಟಿ ಎನಿಸಿಕೊಳ್ಳುವ ಕಾರು: ಸ್ವಿಫ್ಟ್, ಐ20 ಎನ್ ಲೈನ್, ಮಾರುಕಟ್ಟೆಯಿಂದ ಮರೆಯಾದರೂ ಸೆಕೆಂಡ್ ಹ್ಯಾಂಡಿನಲ್ಲಿ ಇಂದಿಗೂ ಬೆಲೆ ಕಳೆದುಕೊಳ್ಳದ ಪೋಲೊ ಜಿ.ಟಿ. ಕಾರು ಮನೆಗೆ ಬಂದ ತಿಂಗಳೊಳಗೆ ಅದರ ಚಕ್ರ ಬದಲಾಗುತ್ತದೆ. ಕಂಪೆನಿ ಕೊಟ್ಟದ್ದಕ್ಕಿಂತ ದೊಡ್ಡ ಅಲಾಯ್ ವೀಲ್, ಅದರ ಸುತ್ತ ಅಗಲವಾದ, ತೆಳ್ಳಗಿನ ಟಯರು. ಇದಕ್ಕೆ ಅರ್ಧ ಲಕ್ಷ ರೂಪಾಯಿ ಖರ್ಚಾಗುವುದೂ ಉಂಟು. ಅದೇ ಕಾರಿನಲ್ಲಿ ಬೆಳಗ್ಗೆ ತಂಗಿಯನ್ನು ಶಾಲೆಗೆ ಬಿಡುತ್ತಾರೆ, ಅಜ್ಜಿಯನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಆದ್ದರಿಂದ ಇದು ಹೆತ್ತವರೂ ತಿಳಿದುಕೊಳ್ಳಬೇಕಾದ ಸಂಗತಿ. ಹುಡುಗರ ಹುರುಪನ್ನು ನಾವು ಹಳಿಯುವುದಿಲ್ಲ. ಅದೇ ಹಣವನ್ನು ಎಲ್ಲಿ ಹಾಕಿದರೆ ಮಳೆಯಲ್ಲಿ ಕಾರು ನಿಲ್ಲುತ್ತದೆ ಎಂಬುದಷ್ಟೇ ನಮ್ಮ ಪ್ರಶ್ನೆ.

ಚಳಿ ದೇಶಗಳಲ್ಲಿ ಈ ಆಯ್ಕೆಯನ್ನು ಋತುವೂ ಕಾನೂನೂ ಸೇರಿ ಮಾಡಿಸುತ್ತವೆ. ಜರ್ಮನಿಯಲ್ಲಿಯೋ ಕೆನಡಾದಲ್ಲಿಯೋ ನೆಲೆಸಿರುವ ನಮ್ಮವರನ್ನು ಕೇಳಿದರೆ ಅವರ ಮನೆಯಲ್ಲಿ ಒಂದು ಕಾರಿಗೆ ಎರಡು ಜೊತೆ ಚಕ್ರಗಳಿರುವುದು ತಿಳಿಯುತ್ತದೆ. ಒಂದು ಬೇಸಿಗೆಯದು, ಇನ್ನೊಂದು ಚಳಿಗಾಲದ್ದು. ಚಳಿಗಾಲದ ಟಯರು ಹುಟ್ಟಿದ್ದು ಫಿನ್‌ಲೆಂಡಿನಲ್ಲಿ, 1934ರಲ್ಲಿ, ಹಿಮದಲ್ಲಿ ಸಾಗುವ ಲಾರಿಗಳಿಗಾಗಿ. ಉಷ್ಣತೆ ಸುಮಾರು 7 ಡಿಗ್ರಿಗಿಂತ ಕೆಳಗಿಳಿದಾಗ ಸಾಧಾರಣ ಟಯರಿನ ರಬ್ಬರು ಬಿಗಿದುಕೊಂಡು ರಸ್ತೆಯ ಮೇಲಿನ ಹಿಡಿತವನ್ನು ಕಳೆದುಕೊಳ್ಳತೊಡಗುತ್ತದೆ. ಚಳಿಗಾಲದ ಟಯರಿನ ರಬ್ಬರು ಆ ತಣ್ಣನೆಯಲ್ಲೂ ಮೆದುವಾಗಿಯೇ ಉಳಿಯುತ್ತದೆ, ಅದರ ಮೈಮೇಲೆ ಹಿಮವನ್ನು ಕಚ್ಚಿ ಹಿಡಿಯಲು ನೂರಾರು ಸಣ್ಣ ಸೀಳುಗಳಿರುತ್ತವೆ. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇಂತಹ ಟಯರು ಕಡ್ಡಾಯ. ಜರ್ಮನಿಯಲ್ಲಿ ತಾರೀಖು ನಿಗದಿಯಿಲ್ಲ, ಹಿಮ ಬಿದ್ದ ರಸ್ತೆಯಲ್ಲಿ ಓಡಿಸುವವನ ಕಾರಿಗೆ ಅದು ಇರಲೇಬೇಕು. 2024ರ ಅಕ್ಟೋಬರಿನಿಂದ ಮೂರು ಶಿಖರಗಳ ನಡುವೆ ಹಿಮದ ಹರಳಿನ ಚಿತ್ರವಿರುವ ಟಯರುಗಳನ್ನಷ್ಟೇ ಅಲ್ಲಿ ಚಳಿಗಾಲದವೆಂದು ಒಪ್ಪಲಾಗುತ್ತದೆ.

ಆ ನಾಡುಗಳಲ್ಲಿ ಚಳಿಗಾಲಕ್ಕೆಂದು ಆರಿಸುವ ಚಕ್ರ ಸಾಮಾನ್ಯವಾಗಿ ಬೇಸಿಗೆಯದಕ್ಕಿಂತ ಚಿಕ್ಕದು ಎಂಬುದನ್ನು ನಮ್ಮ ಹುಡುಗರು ಗಮನಿಸಬೇಕು. ಹದಿನೆಂಟು ಇಂಚಿನ ಅಂದದ ಚಕ್ರವನ್ನು ಬಿಚ್ಚಿ ಶೆಡ್ಡಿನಲ್ಲಿಟ್ಟು, ಹದಿನಾರು ಅಥವಾ ಹದಿನೇಳು ಇಂಚಿನ ಸರಳ ಚಕ್ರಕ್ಕೆ ಕಿರಿದಾದ, ಎತ್ತರದ ಬದಿಯ ಟಯರನ್ನು ಹಾಕುತ್ತಾರೆ. ಬೆಲೆ ಕಡಿಮೆ, ಗುಂಡಿಗೆ ಬಿದ್ದರೆ ತಡೆದುಕೊಳ್ಳುತ್ತದೆ, ಕೆಸರನ್ನೂ ನೀರನ್ನೂ ಸೀಳಿ ನೆಲವನ್ನು ಮುಟ್ಟುತ್ತದೆ. ಶಕ್ತಿಶಾಲಿ ಸ್ಪೋರ್ಟ್ಸ್ ಕಾರುಗಳ ಒಡೆಯರೂ ಹಾಗೆಯೇ ಮಾಡುತ್ತಾರೆ.

ಹಾಗೆಂದು ಆ ಚಳಿಗಾಲದ ಟಯರನ್ನೇ ಇಲ್ಲಿಗೆ ತರಿಸುವುದು ವ್ಯರ್ಥ. ನಮ್ಮ ಮಳೆಗಾಲದಲ್ಲಿಯೂ ಉಷ್ಣತೆ 23ರಿಂದ 30 ಡಿಗ್ರಿಗಳ ಆಸುಪಾಸಿನಲ್ಲಿರುತ್ತದೆ. ಆ ಬಿಸಿಗೆ ಚಳಿಗಾಲದ ಮೆದು ರಬ್ಬರು ಬಳುಕುತ್ತದೆ, ಬೇಗ ಸವೆಯುತ್ತದೆ, ಬ್ರೇಕು ಹಾಕಿದಾಗ ಹೆಚ್ಚು ದೂರ ಜಾರುತ್ತದೆ. ಕೆಲವು ಟಯರುಗಳ ಬದಿಯಲ್ಲಿ ಕಾಣುವ ಎಂ+ಎಸ್ ಎಂಬ ಗುರುತೂ ಕೆಸರು ಮತ್ತು ಹಿಮಕ್ಕೆ ಸಂಬಂಧಿಸಿದ್ದೇ ಹೊರತು ಒದ್ದೆ ಡಾಮರಿನ ಮೇಲಿನ ಹಿಡಿತಕ್ಕೆ ಖಾತ್ರಿಯಲ್ಲ. ಮಳೆಗಾಲದ ಟಯರು ಎಂಬ ಬೇರೆಯೇ ಜಾತಿ ನಮ್ಮ ಅಂಗಡಿಗಳಲ್ಲಿ ದೊರೆಯುವುದಿಲ್ಲ. ವರ್ಷವಿಡೀ ಓಡುವ ಒಂದೇ ಜೊತೆ ಟಯರನ್ನು ಮಳೆಯನ್ನು ಮನಸ್ಸಿನಲ್ಲಿಟ್ಟು ಆರಿಸುವುದೇ ನಮಗಿರುವ ದಾರಿ.

ಮಳೆಯಲ್ಲಿ ಟಯರು ಮಾಡುವ ಕೆಲಸವೇನು ಎಂಬುದನ್ನು ಪ್ರೌಢಶಾಲೆಯ ಮಕ್ಕಳೂ ಲೆಕ್ಕ ಹಾಕಬಲ್ಲರು. ಹೆದ್ದಾರಿಯ ಮೇಲೆ 3 ಮಿಲಿಮೀಟರು ನೀರು ನಿಂತಿದೆ ಎನ್ನಿ. 185 ಮಿಲಿಮೀಟರು ಅಗಲದ ಟಯರು ಗಂಟೆಗೆ 80 ಕಿಲೋಮೀಟರು ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 22 ಮೀಟರು ಉರುಳುತ್ತಿದೆ. ಅಗಲ, ಆಳ, ವೇಗ ಮೂರನ್ನೂ ಗುಣಿಸಿದರೆ ಸೆಕೆಂಡಿಗೆ 12 ಲೀಟರಿಗೂ ಮಿಕ್ಕಿ ನೀರು ಒಂದೇ ಒಂದು ಟಯರಿನ ದಾರಿಗೆ ಅಡ್ಡ ಬರುತ್ತದೆ. ಹೆಚ್ಚು ಕಡಿಮೆ ಒಂದು ಕೊಡ ನೀರನ್ನು ಪ್ರತಿ ಸೆಕೆಂಡಿಗೂ ಬದಿಗೆ ತಳ್ಳಿ, ಕೆಳಗಿನ ಡಾಮರನ್ನು ಮುಟ್ಟಬೇಕು. ಟಯರಿನ ಮೇಲಿನ ಚಡಿಗಳು, ನಮ್ಮ ಪಂಕ್ಚರ್ ಅಂಗಡಿಯವರು ಬಟನ್ ಎಂದು ಕರೆಯುವ ಉಬ್ಬುಗಳ ನಡುವಿನ ಆ ತೋಡುಗಳು, ಇರುವುದೇ ಇದಕ್ಕಾಗಿ. ತೋಡು ಆಳವಾಗಿದ್ದರೆ ನೀರು ಹರಿದುಹೋಗುತ್ತದೆ. ತುಂಬಿಹೋದರೆ ತೋಟಕ್ಕೆ ನುಗ್ಗುವಂತೆ ಟಯರಿನ ಅಡಿಗೆ ನುಗ್ಗಿ ಚಕ್ರವನ್ನೇ ಮೇಲಕ್ಕೆತ್ತುತ್ತದೆ. ಆಗ ಸ್ಟೀಯರಿಂಗ್ ಹಗುರಾಗುತ್ತದೆ, ಬ್ರೇಕು ಒತ್ತಿದರೆ ಏನೂ ಆಗುವುದಿಲ್ಲ, ಕಾರು ನೀರ ಮೇಲೆ ದೋಣಿಯಂತೆ ತೇಲುತ್ತದೆ. ಇಂಗ್ಲಿಷಿನಲ್ಲಿ ಇದನ್ನು ಹೈಡ್ರೋಪ್ಲೇನಿಂಗ್ ಎನ್ನುತ್ತಾರೆ, ತೇಲುಜಾರಿಕೆ ಎಂದು ನಾವು ಕರೆಯಬಹುದು.

ಎಷ್ಟು ವೇಗದಲ್ಲಿ ಕಾರು ತೇಲುತ್ತದೆ ಎಂಬುದಕ್ಕೆ 1960ರ ದಶಕದಲ್ಲಿ ಅಮೆರಿಕದ ನಾಸಾ ಸಂಸ್ಥೆ ವಿಮಾನದ ಚಕ್ರಗಳನ್ನು ಪರೀಕ್ಷಿಸಿ ಒಂದು ಅಂದಾಜು ಸೂತ್ರವನ್ನು ಕಂಡುಕೊಂಡಿತು. ಚಡಿಗಳು ಮುಳುಗುವಷ್ಟು ನೀರಿದ್ದಾಗ ತೇಲುವ ವೇಗವು ಟಯರಿನೊಳಗಿನ ಗಾಳಿಯ ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಆ ಲೆಕ್ಕದಂತೆ 30 ಪಿ.ಎಸ್.ಐ. ಗಾಳಿಯಿರುವ ಟಯರು ಗಂಟೆಗೆ ಸುಮಾರು 91 ಕಿಲೋಮೀಟರಿಗೆ ತೇಲತೊಡಗಿದರೆ, ಗಾಳಿ 20ಕ್ಕೆ ಇಳಿದ ಟಯರು 75ಕ್ಕೇ ತೇಲುತ್ತದೆ. ಗಾಳಿ ನೋಡಿಸುವುದನ್ನು ತಿಂಗಳುಗಟ್ಟಲೆ ಮರೆಯುವವರು ಈ ಎರಡು ಸಂಖ್ಯೆಗಳನ್ನು ನೆನಪಿಡಲಿ. ಕೇರಳದಲ್ಲಿ 2023ರ ಜುಲೈಯಿಂದ ಆರು ಪಥದ ರಾಷ್ಟ್ರೀಯ ಹೆದ್ದಾರಿಗಳಲ್ಲಿ ಕಾರುಗಳ ಗರಿಷ್ಠ ವೇಗಮಿತಿ 110 ಕಿಲೋಮೀಟರು. ಅದು ಒಣ ರಸ್ತೆಗೂ ಒಳ್ಳೆಯ ಟಯರಿಗೂ ಸಲ್ಲುವ ಗರಿಷ್ಠವೇ ಹೊರತು ಮಳೆಯಲ್ಲಿ ಮುಟ್ಟಲೇಬೇಕಾದ ಗುರಿಯಲ್ಲ.

ಕಾರು ತೇಲದಿದ್ದರೂ ಒದ್ದೆ ರಸ್ತೆಯಲ್ಲಿ ನಿಲ್ಲುವ ದೂರ ಬಹಳ ಹೆಚ್ಚುತ್ತದೆ. ಘರ್ಷಣಾಂಕ ಒಣ ಡಾಮರಿನಲ್ಲಿ 0.7 ಇದೆ, ಸವೆದ ಟಯರು ಮತ್ತು ಮಳೆ ಸೇರಿ ಅದು 0.4ಕ್ಕೆ ಇಳಿದಿದೆ ಎಂದುಕೊಳ್ಳೋಣ. ವೇಗದ ವರ್ಗವನ್ನು ಘರ್ಷಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಎರಡು ಪಟ್ಟಿನಿಂದ ಭಾಗಿಸಿದರೆ ಬ್ರೇಕಿನ ದೂರ ಸಿಗುತ್ತದೆ. 80ರ ವೇಗದಲ್ಲಿ ಒಣ ರಸ್ತೆಗೆ 36 ಮೀಟರು, ಒದ್ದೆಗೆ 63 ಮೀಟರು. 110ರ ವೇಗದಲ್ಲಿ ಒಣ ರಸ್ತೆಗೆ 68, ಒದ್ದೆಗೆ 119. ಫುಟ್ಬಾಲಿನ ಊರೆಂದೇ ಹೆಸರಾದ ಮೊಗ್ರಾಲಿನ ಮಕ್ಕಳಿಗೆ ಇದನ್ನು ವಿವರಿಸುವುದು ಸುಲಭ. ಅಂತಾರಾಷ್ಟ್ರೀಯ ಅಳತೆಯ ಮೈದಾನದ ಉದ್ದ 105 ಮೀಟರು. ಒಂದು ಗೋಲುಕಂಬದ ಬಳಿ ಬ್ರೇಕು ಒತ್ತಿದ ಕಾರು ಇನ್ನೊಂದು ಗೋಲನ್ನೂ ದಾಟಿ ಪ್ರೇಕ್ಷಕರ ನಡುವೆ ನಿಲ್ಲುತ್ತದೆ. ಬ್ರೇಕು ಒತ್ತಬೇಕೆಂದು ಚಾಲಕನಿಗೆ ಹೊಳೆಯಲು ತಗಲುವ ಒಂದು ಸೆಕೆಂಡಿನಲ್ಲಿ ಕಾರು ಸಾಗುವ 30 ಮೀಟರು ಇದರಲ್ಲಿ ಸೇರಿಲ್ಲ.

ಇನ್ನು ಚಡಿಯ ಆಳ. ಹೊಸ ಕಾರಿನ ಟಯರಿನಲ್ಲಿ ಇದು ಸುಮಾರು 7ರಿಂದ 8 ಮಿಲಿಮೀಟರು ಇರುತ್ತದೆ. ಕಾನೂನಿನ ಕನಿಷ್ಠ ಮಿತಿ 1.6 ಮಿಲಿಮೀಟರು. ಚಡಿಯೊಳಗೆ ಅಲ್ಲಲ್ಲಿ ಅಡ್ಡಲಾಗಿ ಸಣ್ಣ ದಿಣ್ಣೆಗಳಿರುತ್ತವೆ, ಅವುಗಳ ನೇರಕ್ಕೆ ಟಯರಿನ ಅಂಚಿನಲ್ಲಿ ಟಿ.ಡಬ್ಲ್ಯು.ಐ. ಎಂಬ ಅಕ್ಷರಗಳನ್ನೋ ಒಂದು ತ್ರಿಕೋನವನ್ನೋ ಕಾಣಬಹುದು. ಮೇಲ್ಮೈ ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದರೆ ಟಯರಿನ ಆಯುಷ್ಯ ಮುಗಿಯಿತು. ಆದರೆ 1.6 ಎಂಬುದು ದಂಡ ತಪ್ಪಿಸಿಕೊಳ್ಳುವ ಸಂಖ್ಯೆ, ಜೀವ ಉಳಿಸುವ ಸಂಖ್ಯೆಯಲ್ಲ. ನಮ್ಮ ಮಳೆಗೆ 3 ಮಿಲಿಮೀಟರು ಉಳಿದಿರುವಾಗಲೇ ಬದಲಿಸಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಅಳೆಯಲು ಯಂತ್ರ ಬೇಕಾಗಿಲ್ಲ. ಮಕ್ಕಳ ಕಂಪಾಸ್ ಪೆಟ್ಟಿಗೆಯಲ್ಲಿರುವ ಅಳತೆಪಟ್ಟಿಯನ್ನು ಚಡಿಗೆ ಇಳಿಸಿ ನೋಡಿ. ಸೊನ್ನೆಯ ಗೆರೆ ಪಟ್ಟಿಯ ತುದಿಯಿಂದಲೇ ಆರಂಭವಾಗದಿದ್ದರೆ ಆ ಖಾಲಿ ಜಾಗವನ್ನು ಕಳೆಯಲು ಮರೆಯಬಾರದು. ಒಳಬದಿ, ನಡು, ಹೊರಬದಿ ಮೂರು ಕಡೆ ಅಳೆಯಬೇಕು. ಒಳಬದಿ ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ, ನಡುಭಾಗ ಸವೆದಿದ್ದರೆ ಗಾಳಿ ಹೆಚ್ಚಾಗಿದೆ, ಎರಡು ಅಂಚುಗಳು ಸವೆದಿದ್ದರೆ ಗಾಳಿ ಕಡಿಮೆಯಾಗಿದೆ ಎಂದರ್ಥ. ಏಪ್ರಿಲ್ ಮೇ ರಜೆಯಲ್ಲಿ ಮಕ್ಕಳಿಂದಲೇ ಈ ಅಳತೆಯನ್ನು ಮಾಡಿಸಿದರೆ, ಶಾಲೆ ತೆರೆಯುವುದಕ್ಕೂ ಮುಂಗಾರು ಹಿಡಿಯುವುದಕ್ಕೂ ಮುನ್ನ ತೀರ್ಮಾನಕ್ಕೆ ಸಮಯವಿರುತ್ತದೆ.

ಈಗ ಹುಡುಗರ ಪ್ರೀತಿಯ ವಿಷಯಕ್ಕೆ, ಅಂದರೆ ಚಕ್ರದ ಗಾತ್ರಕ್ಕೆ ಬರೋಣ. ಟಯರಿನ ಬದಿಯಲ್ಲಿ ಬರೆದಿರುವುದನ್ನು ಮೊದಲು ಓದಬೇಕು. ಸ್ವಿಫ್ಟಿನ ಮೇಲಿನ ಆವೃತ್ತಿಗಳಲ್ಲಿ ಬರುವ ಅಳತೆ 185/65 ಆರ್ 15. ಇಲ್ಲಿ 185 ಎಂಬುದು ಮಿಲಿಮೀಟರಿನಲ್ಲಿ ಅಗಲ, 65 ಎಂಬುದು ಆ ಅಗಲದ ಶೇಕಡಾ 65ರಷ್ಟು ಬದಿಯ ಎತ್ತರ, 15 ಎಂಬುದು ಇಂಚಿನಲ್ಲಿ ರಿಮ್ಮಿನ ವ್ಯಾಸ. ಬದಿಯ ಎತ್ತರ 120 ಮಿಲಿಮೀಟರು ಎಂದಾಯಿತು. ಎರಡು ಬದಿ ಮತ್ತು ರಿಮ್ಮು ಕೂಡಿಸಿದರೆ ಚಕ್ರದ ಒಟ್ಟು ವ್ಯಾಸ ಸುಮಾರು 621 ಮಿಲಿಮೀಟರು. ರಿಮ್ಮನ್ನು ದೊಡ್ಡದು ಮಾಡಿದರೂ ಈ ಒಟ್ಟು ವ್ಯಾಸ ಬದಲಾಗಬಾರದು. ಬದಲಾದರೆ ಸ್ಪೀಡೋಮೀಟರು ಸುಳ್ಳು ಹೇಳುತ್ತದೆ, ಚಕ್ರ ಮಡ್‌ಗಾರ್ಡಿಗೆ ತಾಗುತ್ತದೆ. 195/55 ಆರ್ 16 ಎಂಬ ಅಳತೆಯನ್ನು ಲೆಕ್ಕ ಹಾಕಿ ನೋಡಿ, ವ್ಯಾಸ ಹೆಚ್ಚು ಕಡಿಮೆ ಅಷ್ಟೇ ಬರುತ್ತದೆ. 205/45 ಆರ್ 17 ಆದರೆ 616, ವ್ಯತ್ಯಾಸ ಶೇಕಡಾ ಒಂದಕ್ಕಿಂತ ಕಡಿಮೆ. ಅಂಗಡಿಯವನು ಸರಿಹೊಂದುತ್ತದೆ ಎನ್ನುವುದು ಈ ಅರ್ಥದಲ್ಲಿ ನಿಜವೇ.

ಆದರೆ ಬದಿಯ ಎತ್ತರ ಏನಾಯಿತೆಂದು ಗಮನಿಸಿ. 120 ಇದ್ದದ್ದು 16 ಇಂಚಿನ ರಿಮ್ಮಿನಲ್ಲಿ 107, 17 ಇಂಚಿನದರಲ್ಲಿ 92 ಮಿಲಿಮೀಟರಿಗೆ ಇಳಿಯಿತು. ಗುಂಡಿಯ ಪೆಟ್ಟನ್ನು ನುಂಗಿಕೊಳ್ಳುವ ರಬ್ಬರು ಮತ್ತು ಗಾಳಿಯ ದಿಂಬು ಕಾಲುಭಾಗದಷ್ಟು ತೆಳ್ಳಗಾಯಿತು. ಹೆದ್ದಾರಿ ನಯವಾಗಿರಬಹುದು, ಸರ್ವಿಸ್ ರಸ್ತೆಯ ಗುಂಡಿಗಳೂ ಕುಂಬಳೆಯಿಂದ ಸೀತಾಂಗೋಳಿಯ ಮೂಲಕ ಬದಿಯಡ್ಕಕ್ಕೆ ಹೋಗುವ ತಿರುವುಗಳೂ ಮುರಕಲ್ಲಿನ ಅಂಚಿರುವ ಊರೊಳಗಿನ ದಾರಿಗಳೂ ಹಾಗಲ್ಲ. ಮಳೆ ನೀರು ತುಂಬಿದ ಗುಂಡಿಯ ಆಳ ಹೊರಗೆ ಕಾಣುವುದೂ ಇಲ್ಲ. ಉಕ್ಕಿನ ರಿಮ್ಮು ಪೆಟ್ಟು ತಿಂದರೆ ಬಾಗುತ್ತದೆ, ಅಲಾಯ್ ರಿಮ್ಮು ಬಿರುಕು ಬಿಡುತ್ತದೆ. ಬಿರುಕು ಬಿಟ್ಟದ್ದನ್ನು ವೆಲ್ಡಿಂಗ್ ಮಾಡಿಸಿ ಮತ್ತೆ ಹೆದ್ದಾರಿಗಿಳಿಸುವುದು ಅಪಾಯ. ಟಯರಿನ ಬದಿಯಲ್ಲಿ ನಿಂಬೆಹಣ್ಣಿನಂತೆ ಉಬ್ಬು ಕಂಡರೆ ಒಳಗಿನ ನಾರು ಹರಿದಿದೆ ಎಂದು ತಿಳಿಯಬೇಕು. ಅದಕ್ಕೆ ತೇಪೆ ಇಲ್ಲ, ಬದಲಿಸುವುದೊಂದೇ ಉಪಾಯ.

ಅಗಲದ ವಿಚಾರದಲ್ಲಿ ಒಂದು ತಪ್ಪುಕಲ್ಪನೆ ಬೇರೂರಿದೆ. ಅಗಲವಾದ ಟಯರು ರಸ್ತೆಯನ್ನು ಹೆಚ್ಚು ಹಿಡಿಯುತ್ತದೆ, ಆದ್ದರಿಂದ ಮಳೆಗೂ ಅದೇ ಒಳ್ಳೆಯದು ಎಂಬುದು ಅದು. ಒಣ ರಸ್ತೆಯ ತಿರುವಿನಲ್ಲಿ ಇದು ಸ್ವಲ್ಪ ಮಟ್ಟಿಗೆ ಹೌದು. ಮಳೆಯಲ್ಲಿ 205ರ ಟಯರು 185ರದ್ದಕ್ಕಿಂತ ಶೇಕಡಾ 11ರಷ್ಟು ಹೆಚ್ಚು ನೀರನ್ನು ಬದಿಗೆ ತಳ್ಳಬೇಕು, ಆದರೆ ಕಾರಿನ ಭಾರ ಅಷ್ಟೇ ಇರುತ್ತದೆ. ಒಂದು ಟಯರು ನೆಲವನ್ನು ಮುಟ್ಟುವ ಜಾಗ ಬೆರಳು ಸಮೇತ ಒಂದು ಅಂಗೈಯ ಅಚ್ಚಿಗಿಂತ ದೊಡ್ಡದಲ್ಲ. ಅಗಲ ಹೆಚ್ಚಿದರೆ ಆ ಅಚ್ಚು ಅಡ್ಡಕ್ಕೆ ಹರಡಿ ಉದ್ದದಲ್ಲಿ ಗಿಡ್ಡವಾಗುತ್ತದೆ, ನೀರನ್ನು ಹೊರಹಾಕಲು ದೊರೆಯುವ ಅವಕಾಶ ಕಡಿಮೆಯಾಗುತ್ತದೆ. ಚಳಿ ದೇಶದವರು ಕಿರಿದಾದುದಕ್ಕೆ ಮರಳುವ ಕಾರಣವೂ ಇದರ ಜೊತೆಗೇ ಸೇರಿದೆ.

ಆದ್ದರಿಂದ ದೊಡ್ಡ ಚಕ್ರ ಬೇಕೇ ಬೇಕೆನ್ನುವ ಮಗನಿಗೆ ಹೆತ್ತವರು ಹಾಕಬಹುದಾದ ಗೆರೆ ಇದು: ಅದೇ ಮಾದರಿಯ ಮೇಲಿನ ಆವೃತ್ತಿಗೆ ಕಂಪೆನಿಯೇ ಕೊಟ್ಟ ಅಳತೆಯನ್ನು ಮೀರಬಾರದು. 14 ಇಂಚಿನ ಉಕ್ಕಿನ ರಿಮ್ಮಿರುವ ಸ್ವಿಫ್ಟಿಗೆ ಕಂಪೆನಿಯ 15 ಇಂಚಿನ ಅಲಾಯ್ ಧಾರಾಳ ಸಾಕು. ಐ20 ಎನ್ ಲೈನಿನಂತಹ ಕಾರು ಕಾರ್ಖಾನೆಯಿಂದಲೇ 195/55 ಆರ್ 16ರಲ್ಲಿ ಬರುತ್ತದೆ, ಅದನ್ನು ಮುಟ್ಟುವ ಅಗತ್ಯವೇ ಇಲ್ಲ. ರಿಮ್ಮನ್ನು ಬದಲಿಸುವುದಾದರೆ ತೂತುಗಳ ಲೆಕ್ಕ ಮತ್ತು ವೃತ್ತ ಸರಿಯಿರಬೇಕು. ಸ್ವಿಫ್ಟಿಗೆ 100 ಮಿಲಿಮೀಟರು ವೃತ್ತದಲ್ಲಿ ನಾಲ್ಕು ತೂತು, ಪೋಲೊಗೆ ಅದೇ ವೃತ್ತದಲ್ಲಿ ಐದು. ನಡುವಿನ ದೊಡ್ಡ ರಂಧ್ರ ಹಬ್ಬಿನ ಮೇಲೆ ಬಿಗಿಯಾಗಿ ಕೂರಬೇಕು, ಸಡಿಲವಿದ್ದರೆ ಅದಕ್ಕೆಂದೇ ಇರುವ ಉಂಗುರ ಹಾಕಿಸಬೇಕು, ಇಲ್ಲವಾದರೆ ಕಾರು ವೇಗದಲ್ಲಿ ನಡುಗುತ್ತದೆ. ಚಕ್ರವನ್ನು ಹೊರಕ್ಕೆ ಚಾಚುವಂತೆ ಮಾಡಲು ನಡುವೆ ತಟ್ಟೆಗಳನ್ನಿಟ್ಟು ಬೋಲ್ಟು ಬಿಗಿಯುವ ಪದ್ಧತಿಯನ್ನು ನಾವು ಸರ್ವಥಾ ಒಪ್ಪುವುದಿಲ್ಲ. ಬೇರಿಂಗಿನ ಮೇಲೆ ಒತ್ತಡ ಹೆಚ್ಚುತ್ತದೆ, ಮಡ್‌ಗಾರ್ಡಿನಿಂದಾಚೆ ನಿಂತ ಟಯರು ಹಿಂದಿನ ಬೈಕಿನವನ ಮುಖಕ್ಕೆ ಕೆಸರೆರಚುತ್ತದೆ.

ಕಾನೂನೂ ಇಲ್ಲಿ ಸುಮ್ಮನಿಲ್ಲ. ವಾಹನದ ಮೂಲ ವಿನ್ಯಾಸವನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯೊಡ್ಡುತ್ತದೆ. ಈ ಕಲಮಿನ ಅರ್ಥವ್ಯಾಪ್ತಿಯ ಪ್ರಶ್ನೆ ಕೇರಳದಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. ತಯಾರಕರು ನಿಗದಿಪಡಿಸಿದ ಮೂಲ ಲಕ್ಷಣಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ನ್ಯಾಯಾಲಯ 2019ರ ಜನವರಿ 9ರಂದು ತೀರ್ಪಿತ್ತಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸಕ್ಕೆ ಅವಕಾಶ ನೀಡಿದೆ. ಅಪಘಾತವಾದರೆ ವಿಮಾ ಕಂಪೆನಿ ಆಕ್ಷೇಪವೆತ್ತುವ ಸಾಧ್ಯತೆಯೂ ಇದೆ. ಸಂದೇಹವಿದ್ದರೆ ಕೊಳ್ಳುವ ಮುನ್ನ ಆರ್.ಟಿ.ಒ. ಕಚೇರಿಯಲ್ಲಿ ಬರೆದು ಕೇಳುವುದು ಕ್ಷೇಮ. ದಂಡದ ನೋಟೀಸಿನ ಬಗ್ಗೆ ಅಹವಾಲಿದ್ದಲ್ಲಿ ಅದನ್ನು ಕನ್ನಡದಲ್ಲಿಯೇ ಸಲ್ಲಿಸುವ ಹಕ್ಕು ಸಂವಿಧಾನದ 350ನೇ ವಿಧಿಯಿಂದ ನಮಗಿದೆ ಎಂಬುದನ್ನೂ ಈ ಸಂದರ್ಭದಲ್ಲಿ ನೆನಪಿಸುತ್ತೇವೆ.

ಅಳತೆ ನಿಶ್ಚಯವಾದ ಮೇಲೆ ಯಾವ ಟಯರು? ಕಂಪೆನಿಯ ಹೆಸರಿಗಿಂತ ಬದಿಯ ಬರಹಕ್ಕೆ ಹೆಚ್ಚು ಬೆಲೆ ಕೊಡಿ. ಅಳತೆಯ ನಂತರ 88 ಎಚ್ ಎಂಬಂತೆ ಒಂದು ಸಂಖ್ಯೆ ಮತ್ತು ಅಕ್ಷರವಿರುತ್ತದೆ. 88 ಎಂದರೆ ಒಂದು ಟಯರು 560 ಕಿಲೋ ಹೊರಬಲ್ಲದು, ಎಚ್ ಎಂದರೆ ಗಂಟೆಗೆ 210 ಕಿಲೋಮೀಟರಿನವರೆಗೆ ತಾಳಬಲ್ಲದು. ಭಾರದ ಸಂಖ್ಯೆ ಹಳೆಯದಕ್ಕಿಂತ ಕಡಿಮೆಯಾಗಕೂಡದು. ತೆಳ್ಳಗಿನ ಟಯರುಗಳಲ್ಲಿ ಇದು 84ಕ್ಕೆ, ಅಂದರೆ 500 ಕಿಲೋಗೆ ಇಳಿಯುವುದುಂಟು. ಮದುವೆಗೆಂದು ಐದು ಜನ ತುಂಬಿ ಹೊರಡುವ ನಮ್ಮ ಕಾರುಗಳಲ್ಲಿ ಆ ವ್ಯತ್ಯಾಸ ಸಣ್ಣದಲ್ಲ.

ಹಲವು ಟಯರುಗಳ ಮೇಲೆ ಟ್ರೆಡ್‌ವೇರ್, ಟ್ರ್ಯಾಕ್ಷನ್, ಟೆಂಪರೇಚರ್ ಎಂಬ ಮೂರು ಅಮೆರಿಕನ್ ದರ್ಜೆಗಳೂ ಅಚ್ಚಾಗಿರುತ್ತವೆ. ಮೊದಲನೆಯ ಸಂಖ್ಯೆ ಹೆಚ್ಚಾದಷ್ಟೂ ಬಾಳಿಕೆ ಹೆಚ್ಚು, ಸಾಮಾನ್ಯವಾಗಿ ಕೊಳ್ಳುವವರು ನೋಡುವುದು ಅದೊಂದನ್ನೇ. ನಾವು ನೋಡಬೇಕಾದ್ದು ಎರಡನೆಯದನ್ನು. ಟ್ರ್ಯಾಕ್ಷನ್ ದರ್ಜೆಯನ್ನು ಕೊಡುವುದು ಒದ್ದೆ ಡಾಮರು ಮತ್ತು ಒದ್ದೆ ಕಾಂಕ್ರೀಟಿನ ಮೇಲೆ ನೇರವಾಗಿ ಬ್ರೇಕು ಹಾಕಿ ಪರೀಕ್ಷಿಸಿದ ನಂತರ. ಎಎ ಅತ್ಯುತ್ತಮ, ಬಳಿಕ ಎ, ಬಿ, ಸಿ. ಎ ಅಥವಾ ಎಎ ಇಲ್ಲದ ಟಯರನ್ನು ನಾವು ಶಿಫಾರಸು ಮಾಡುವುದಿಲ್ಲ. ಆದರೆ ಇದು ತಿರುವಿನ ಪರೀಕ್ಷೆಯೂ ಅಲ್ಲ, ತೇಲುಜಾರಿಕೆಯ ಪರೀಕ್ಷೆಯೂ ಅಲ್ಲ. ಯುರೋಪಿನ ಚೀಟಿಯಿರುವ ಟಯರು ಸಿಕ್ಕಿದರೆ ಅದರಲ್ಲಿ ಮಳೆ ಮೋಡದ ಚಿತ್ರದ ಕೆಳಗೆ ಎಯಿಂದ ಇವರೆಗೆ ಒದ್ದೆ ಹಿಡಿತದ ದರ್ಜೆಯಿರುತ್ತದೆ. ನಮ್ಮ ದೇಶದಲ್ಲಿಯೂ 2022ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳನ್ನು ತಿದ್ದಿ, ಎ.ಐ.ಎಸ್. 142 ಎಂಬ ಮಾನದಂಡದಡಿ ಒದ್ದೆ ಹಿಡಿತ, ಉರುಳುವಾಗಿನ ಪ್ರತಿರೋಧ ಹಾಗೂ ಶಬ್ದಕ್ಕೆ ಮಿತಿಗಳನ್ನು ತರಲಾಗಿದೆ. ಇಂಧನ ಉಳಿಸುತ್ತದೆ ಎಂದು ಹೊಗಳುವ ಟಯರು ಮಳೆಯಲ್ಲಿಯೂ ಹಿಡಿಯುತ್ತದೆಂದು ಭಾವಿಸಬೇಡಿ, ಅವೆರಡು ಬೇರೆ ಬೇರೆ ಗುಣಗಳು.

ತಯಾರಿಯ ದಿನಾಂಕವನ್ನು ಓದುವುದು ಬಹಳ ಸುಲಭ. ಡಿ.ಒ.ಟಿ. ಎಂಬ ಅಕ್ಷರಗಳಿಂದ ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ವಾರ, ಉಳಿದೆರಡು ವರ್ಷ. 2325 ಎಂದಿದ್ದರೆ 2025ರ ಇಪ್ಪತ್ತಮೂರನೆಯ ವಾರ. ರಬ್ಬರು ಓಡದೆಯೂ ಮುದಿಯಾಗುತ್ತದೆ, ಗಟ್ಟಿಯಾಗಿ ಒದ್ದೆ ರಸ್ತೆಯ ಹಿಡಿತ ಕಳೆದುಕೊಳ್ಳುತ್ತದೆ. ವರ್ಷಕ್ಕಿಂತ ಹಳೆಯದನ್ನು ಹೊಸದರ ಬೆಲೆಗೆ ಕೊಳ್ಳಬಾರದು. ಗಲ್ಫಿನಲ್ಲಿರುವವರ ಕಾರು ಶೆಡ್ಡಿನಲ್ಲಿ ನಿಂತೇ ಐದಾರು ವರ್ಷ ಕಳೆದಿದ್ದರೆ, ಬಟನ್ ಹೊಸದರಂತಿದ್ದರೂ ಬದಿಯಲ್ಲಿ ಕೂದಲೆಳೆಯ ಬಿರುಕುಗಳಿವೆಯೇ ಎಂದು ನೋಡಿ. ಐ.ಎಸ್.ಐ. ಗುರುತು ಮತ್ತು ಐ.ಎಸ್. 15633 ಎಂಬ ಸಂಖ್ಯೆ ಕಾರಿನ ಟಯರಿಗೆ ಕಡ್ಡಾಯ. ಚಡಿಗಳ ವಿನ್ಯಾಸದಲ್ಲಿ ಸುತ್ತಲೂ ಹರಿಯುವ ಅಗಲವಾದ ಮೂರು ನಾಲ್ಕು ನೇರ ತೋಡುಗಳಿರಲಿ. ಬಾಣದ ಗುರುತಿರುವ ಟಯರನ್ನು ಬಾಣದ ದಿಕ್ಕಿಗೇ ಹಾಕಬೇಕು, ತಿರುಗಿಸಿ ಹಾಕಿದರೆ ಅದು ನೀರನ್ನು ಹೊರಗೆ ತಳ್ಳುವ ಬದಲು ಒಳಗೆ ಸೆಳೆಯುತ್ತದೆ. ಅಂಗಡಿಯಿಂದ ಹೊರಡುವ ಮುನ್ನ ನಾಲ್ಕೂ ಚಕ್ರಗಳನ್ನು ಒಮ್ಮೆ ಸುತ್ತಿ ನೋಡಿ.

ನಾಲ್ಕು ಟಯರಿಗೆ ಹಣ ಸಾಲದೆ ಎರಡನ್ನೇ ಕೊಳ್ಳುವವರು ಬಹಳ. ಆ ಎರಡನ್ನು ಹಿಂದಕ್ಕೆ ಹಾಕಿಸಬೇಕು, ಎಂಜಿನು ಮುಂದಿನ ಚಕ್ರಗಳನ್ನೇ ತಿರುಗಿಸುವ ಕಾರಾದರೂ ಸರಿಯೇ. ಕೇಳಿದವರಿಗೆ ಇದು ವಿಚಿತ್ರವೆನಿಸುತ್ತದೆ. ಮುಂದಿನದು ಜಾರಿದರೆ ಕಾರು ನೇರಕ್ಕೆ ಹೋಗುತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಮತ್ತೆ ಹಿಡಿತ ಸಿಗಬಹುದು. ಹಿಂದಿನದು ಜಾರಿದರೆ ಕಾರು ಬುಗುರಿಯಂತೆ ತಿರುಗುತ್ತದೆ, ಅದನ್ನು ಸರಿಪಡಿಸುವ ಕೈಚಳಕ ಸಾಮಾನ್ಯ ಚಾಲಕರಲ್ಲಿರುವುದಿಲ್ಲ.

ಗಾಳಿಯ ಒತ್ತಡವನ್ನು ಕಂಪೆನಿ ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿ ಬರೆದಿರುತ್ತದೆ. ಟಯರಿನ ಬದಿಯಲ್ಲಿ ಕಾಣುವುದು ಅದು ತಾಳಬಹುದಾದ ಗರಿಷ್ಠ ಒತ್ತಡವೇ ಹೊರತು ತುಂಬಬೇಕಾದದ್ದಲ್ಲ. ಮಳೆಗಾಲದಲ್ಲಿ ಗಾಳಿ ಇಳಿಸಿದರೆ ಹಿಡಿತ ಹೆಚ್ಚುತ್ತದೆಂಬ ಮಾತು ಕೆಲವೆಡೆ ಪ್ರಚಾರದಲ್ಲಿದೆ. ಮೇಲಿನ 91 ಮತ್ತು 75ರ ಲೆಕ್ಕ ಅದಕ್ಕೆ ಉತ್ತರ. ಎರಡು ವಾರಕ್ಕೊಮ್ಮೆ, ಟಯರು ತಣ್ಣಗಿರುವಾಗ ನೋಡಿಸಿದರೆ ಸಾಕು. ನೈಟ್ರೋಜನ್ ತುಂಬಿಸಿದವರಿಗೂ ಇದರಿಂದ ವಿನಾಯಿತಿಯಿಲ್ಲ. ಸ್ಟೆಪ್ನಿಯನ್ನೂ ಅಂದೇ ನೋಡಿಸಿ, ಅದರಲ್ಲಿ ಗಾಳಿಯಿಲ್ಲವೆಂಬುದು ಮಳೆ ಸುರಿಯುವ ರಾತ್ರಿ ರಸ್ತೆ ಬದಿಯಲ್ಲಿ ತಿಳಿಯಬಾರದು.

ಹಣದ ಲೆಕ್ಕವನ್ನೂ ಹೇಳಿಬಿಡೋಣ. ದೊಡ್ಡ ಅಲಾಯ್ ಮತ್ತು ತೆಳ್ಳಗಿನ ಟಯರಿಗೆ ತಗಲುವ ಅರ್ಧ ಲಕ್ಷದಲ್ಲಿ, ಕಂಪೆನಿಯ ಅಳತೆಯ ನಾಲ್ಕು ಒಳ್ಳೆಯ ಟಯರು, ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್, ಹೊಸ ವೈಪರು, ಸವೆದಿದ್ದರೆ ಬ್ರೇಕ್ ಪ್ಯಾಡು ಎಲ್ಲವನ್ನೂ ಹಾಕಿಸಿ ಹಣ ಉಳಿಯುತ್ತದೆ. ಅಂದಕ್ಕಾಗಿಯೇ ಚಕ್ರ ಬದಲಿಸಬೇಕೆಂದಿದ್ದರೆ ಮಳೆ ಕಳೆದು ದೀಪಾವಳಿಯ ನಂತರ ಯೋಚಿಸಲಿ, ಚಳಿ ದೇಶದವರಂತೆ ಹಳೆಯ ಜೊತೆಯನ್ನು ಜೂನ್ ತಿಂಗಳಿಗೆಂದು ಜೋಪಾನವಾಗಿ ಎತ್ತಿಟ್ಟುಕೊಳ್ಳಲಿ.

ಬಿಚ್ಚಿದ ಹಳೆಯ ಟಯರುಗಳು ಸವೆದು ಮುಗಿದವಾಗಿದ್ದರೆ ಅವನ್ನು ಮನೆಗೆ ತರದೆ ಅಂಗಡಿಯಲ್ಲಿಯೇ ಬಿಡುವುದು ಒಳಿತು. ಹಿತ್ತಿಲಿನಲ್ಲಿ ಬಿದ್ದ ಟಯರಿನೊಳಗೆ ನಿಂತ ಮಳೆನೀರಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ಶಾಲೆಯ ಅಂಗಳದಲ್ಲಿ ಗಿಡ ನೆಡಲೋ ಮಕ್ಕಳ ಆಟಕ್ಕೋ ಟಯರು ಕೊಡಲು ಬಯಸುವ ಹೆತ್ತವರು ಅದರ ಅಡಿಯಲ್ಲಿ ನಾಲ್ಕೈದು ತೂತು ಕೊರೆಸಿ ತರಬೇಕಾಗಿ ವಿನಂತಿ.